ಹಸಿರು ಬಣ್ಣದ ಹೊಲ

ಟಿವಿಎಸ್ ಗಾಡಿಗೆ ಪಂಚರ್ ಹಾಕಿಸಿಕೊಂಡು ಮುನಿಕೃಷ್ಣ ವಾಪಸ್ ಬರುವಷ್ಟರಲ್ಲಿ ಹೊಲಕ್ಕೆ ದಾರಿಯೇ ಇರಲಿಲ್ಲ. ಬೆಳಿಗ್ಗೆ ಅವ್ವನನ್ನು ಸೊಪ್ಪು ಕೀಳಲು ಬಿಟ್ಟು ಹೋದಾಗ ಅಲ್ಲಿ ಒಂದು ಎತ್ತಿನಗಾಡಿ ನುಗ್ಗುವಷ್ಟು ಸಂದಿ ಇತ್ತು. ಆ ಸಂದಿಯೊಂದು ಬಿಟ್ಟು ಹೊಲದ ಸುತ್ತಲೂ ಲೇಔಟಿನ ಗೋಡೆ ಯಾವತ್ತೋ ಎದ್ದು ನಿಂತಿತ್ತು. ಇವತ್ತು ಆ ಸಂದಿಯಲ್ಲೂ ಆಳೆತ್ತರಕ್ಕಿಂತ ಮೇಲೆ ಸಿಮೆಂಟ್ ಇಟ್ಟಿಗೆ ಕೂತಿದ್ದವು. ಗಾರೆಯವರು ಕರಣೆ ತೊಳೆದಿಟ್ಟು ಟೀ ಕುಡಿಯಲು ಹೋಗಿದ್ದರು.

"ಅವ್ವಾ!"

"ಇಲ್ಲೇ ಇವ್ನಿ ಕಣ್ಲಾ, ಯಾಕಂಗ್ ಬಡ್ಕೋತೀಯ?" ಎಂದಿತು ಗೋಡೆಯ ಆಚೆಯಿಂದ ಬೋರಮ್ಮನ ದನಿ.

"ಅವ್ರು ಗೋಡೆ ಕಟ್ತಾ ಇದ್ರೆ ನೀನೇನ್ ಮಾಡ್ತಾ ಇದ್ದೆ?"

"ದಂಟು ಕೀಳ್ತಿದ್ದೆ. ಗೇಟು ಮಡುಗ್ತಾರೆ ಅನ್ಕಂಡೆ. ಪಾಪ, ಬಿಸ್ಲು ಅಂತ ನೀರು ಕೇಳುದ್ರು, ಕೊಟ್ಟೆ."

ಮುನಿಕೃಷ್ಣನ ಮೈಯೆಲ್ಲ ಉರಿದುಹೋಯಿತು. ಸಿಮೆಂಟು ಇನ್ನೂ ಹಸಿ, ಎರಡು ಒದೆ ಕೊಟ್ಟರೆ ಬೀಳುತ್ತದೆ ಅಂದುಕೊಂಡು ಕಾಲೆತ್ತಿದ. ಅಷ್ಟರಲ್ಲಿ ಬೆನ್ನ ಹಿಂದೆ ಜೀಪು ಬಂದು ನಿಂತಿತು. ಇಳಿದವರು ಪ್ಲಾನಿಂಗ್ ಆಫೀಸಿನ ಸುಚಿತ್ರಾ ಮೇಡಂ. ದೊಡ್ಡಮಳೂರಿನ ಕಡೆ ಹೊಲಗಳೆಲ್ಲ ಸೈಟಾಗುತ್ತಿರುವಾಗ, ನಮ್ಮದೊಂದನ್ನು ಬಿಟ್ಟುಬಿಡಿ, ನಾವು ತಿನ್ನೋ ಅನ್ನ ಅದೊಂದೇ ಎಂದು ಅವನು ಅವರ ಆಫೀಸಿನ ಮೆಟ್ಟಿಲು ಸವೆಸಿದ್ದ. ಹೊಲ ಹೋದ ದಿನ ಅವರಿಗೆ ಏನೇನು ಬೈಯಬೇಕು ಎಂಬುದನ್ನೂ ಬಾಯಿಪಾಠ ಮಾಡಿಟ್ಟುಕೊಂಡಿದ್ದ.

"ಮುನಿಕೃಷ್ಣ ಅವರೇ, ಒಳ್ಳೇ ಸುದ್ದಿ!" ಮೇಡಂ ಕೈಯಲ್ಲಿದ್ದ ಟ್ಯಾಬನ್ನು ಅವನ ಮುಖಕ್ಕೇ ಹಿಡಿದರು. ತೆರೆಯ ಮೇಲಿನ ನಕಾಶೆಯ ತುಂಬ ಹಳದಿ, ನಡುವೆ ಉಗುರಿನಷ್ಟು ಹಸಿರು. "ಹಳದಿ ಎಲ್ಲ ಮನೆ. ಈ ಹಸಿರು ನಿಮ್ಮ ಹೊಲ. ಊರಿಗೆ ಬೇಕಾದ ಸೊಪ್ಪು, ತರಕಾರಿ ಊರ ಪಕ್ಕದಲ್ಲೇ ಬೆಳೀಬೇಕು ಅನ್ನೋದು ಹೊಸ ಪ್ಲಾನು. ಇನ್ನು ಇಲ್ಲಿ ಬೆಳೆ ಬಿಟ್ಟು ಬೇರೇನೂ ಮಾಡೋ ಹಾಗಿಲ್ಲ. ಯಾರೂ ಮುಟ್ಟೋ ಹಾಗಿಲ್ಲ."

"ಸ್ವೀಟ್ ಕೊಡ್ಸಪ್ಪ, ಗೆದ್ಬುಟ್ಟೆ!" ಎಂದ ಡ್ರೈವರ್ ದಾಸಪ್ಪ.

ಮುನಿಕೃಷ್ಣ ಬಾಯಿಪಾಠ ಮಾಡಿದ್ದ ಬೈಗುಳವೆಲ್ಲ ಕೆಲಸಕ್ಕೆ ಬಾರದೆ ಹೋಯಿತು. ಹೊಲ ಉಳಿದರೆ ಏನನ್ನಬೇಕು ಎಂದು ಅವನು ಯೋಚಿಸಿಯೇ ಇರಲಿಲ್ಲ. "ಹೊಲ ಉಳೀತು, ಸರಿ ಮೇಡಂ. ಒಳಕ್ಕೆ ಹೋಗೋದು ಎಲ್ಲಿಂದ?"

ಮೇಡಂ ಗೋಡೆ ನೋಡಿದರು. ಟ್ಯಾಬು ನೋಡಿದರು. ಎರಡು ಬೆರಳಲ್ಲಿ ಹಸಿರನ್ನು ಹಿಗ್ಗಿಸಿದರು, ಟ್ಯಾಬನ್ನು ತಿರುಗಿಸಿ ಮತ್ತೆ ನೋಡಿದರು. "ನಕಾಶೆಯಲ್ಲಿ ದಾರಿಯೇ ಇಲ್ಲವಲ್ಲ?"

"ನಕಾಶೇಲಿ ಯಾವತ್ತಿತ್ತು? ಪಕ್ಕದ ಹೊಲದ ಚೆಲುವಯ್ಯನ ಬದಿನ ಮ್ಯಾಲೆ ಓಡಾಡ್ತಿದ್ವಿ, ನಮ್ ತಾತನ ಕಾಲದಿಂದ. ಅವ್ನ ದನ ನಮ್ ಬಾವಿ ತಾವ ನೀರು ಕುಡೀತಿದ್ವು. ಎಲ್ಲಾ ಬಾಯ್ಮಾತು. ಈಗ ಅವ ಲೇಔಟ್ನೋರ್ಗೆ ಮಾರ್ಕಂಡ."

"ಹಾಗಾದ್ರೆ ಗೋಡೆ ಅವರ ಜಾಗದಲ್ಲೇ ಇದೆ. ಒಡೆದರೆ ಕೇಸಾಗುತ್ತೆ." ಮೇಡಂ ದನಿ ಇಳಿಯಿತು. "ಗೋಡೆಗೂ ಪರ್ಮಿಷನ್ ಇದೆ. ಸಹಿ ಹಾಕಿದ್ದು ನಾನೇ."

"ಹೊಲ ಉಳಿಸಿದ್ದು?"

"ಅದೂ ನಾನೇ."

ಮುನಿಕೃಷ್ಣ ತಲೆ ಕೆರೆದುಕೊಂಡ. ಮೇಡಂ ಮೇಲೆ ರೇಗೋಣವೆಂದರೆ ಅವರ ಮುಖ ಅವನದಕ್ಕಿಂತ ಸಣ್ಣಗಾಗಿತ್ತು. ಗಾರೆಯವರು ಅವ್ವನ ಕೈಯಿಂದಲೇ ನೀರು ಕುಡಿದು ಹೋಗಿದ್ದರು. ಉಳಿದದ್ದು ಗೋಡೆಯೊಂದೇ. ಅವನು ಮತ್ತೆ ಕಾಲೆತ್ತಿದ.

"ಒದ್ದೀಯ, ಹುಷಾರು!" ಮಗನ ಬುದ್ಧಿ ಗೊತ್ತಿದ್ದ ಬೋರಮ್ಮ ಒಳಗಿಂದಲೇ ಗದರಿದಳು. "ಇನ್ಮ್ಯಾಕೆ ಮೇಕೆ ನುಗ್ಗಕಿಲ್ಲ. ವರ್ಸೆಲ್ಲ ಕೋಲು ಹಿಡ್ಕಂಡು ಕಾದು ಸಾಕಾಗೈತೆ."

"ಗೊಬ್ರದ ಗಾಡಿ ಹೆಂಗವ್ವ ಬತ್ತದೆ? ಟಿಲ್ಲರ್ರು ಮ್ಯಾಲಿಂದ ಹಾರ್ತದಾ?"

ಬೋರಮ್ಮ ಉತ್ತರ ಕೊಡುವ ಮೊದಲೇ ಆ ಕಡೆಯ ಹೊಸ ಮನೆಯ ಮಹಡಿಯಿಂದ ಹೆಂಗಸೊಬ್ಬಳು ಬಗ್ಗಿ ಕೂಗಿದಳು. "ಅಮ್ಮಾ, ದಂಟಿನ ಸೊಪ್ಪಾ?"

"ಈಗ್ಲೇ ಕಿತ್ತಿದ್ದು ಕಣವ್ವ. ಬೇರಿನ ಮಣ್ಣೂ ಒಣಗಿಲ್ಲ!"

"ಎರಡು ಕಟ್ಟು ಹಾಕಿ, ಕೊತ್ತಂಬರಿನೂ ಇರಲಿ. ಬ್ಯಾಗಲ್ಲಿ ಟೀ ಇಟ್ಟಿದೀನಿ, ಬಿಸಿಯಾಗಿ ಕುಡೀರಿ."

ಹಗ್ಗಕ್ಕೆ ಕಟ್ಟಿದ ನೀಲಿ ಬ್ಯಾಗು ತೂಗಾಡುತ್ತ ಇಳಿದು ಗೋಡೆಯ ಹಿಂದೆ ಮರೆಯಾಯಿತು. ತುಸು ಹೊತ್ತಿಗೆ ಬಾಯಿ ತುಂಬ ಸೊಪ್ಪು ಕಚ್ಚಿಕೊಂಡು ಮೇಲೇರಿತು. ಪಕ್ಕದ ಮಹಡಿಯಿಂದ ಇನ್ನೊಂದು ಹಗ್ಗ ಇಳಿಯಿತು. ಅದರಾಚೆಯಿಂದ ಮತ್ತೊಂದು. ಒಳಗೆ ಬೋರಮ್ಮನದು ಒಂದೇ ಸಮ ವ್ಯಾಪಾರ, ನಗು, "ನಾಳೆ ಮೆಂತ್ಯ ಕೀಳ್ತೀನಿ ಕಣವ್ವ" ಎಂಬ ಮಾತು.

ಸುಚಿತ್ರಾ ಮೇಡಂ ಮುಖ ಅರಳಿತು. "ನೋಡಿದ್ರಾ! ಪ್ಲಾನಿನಲ್ಲಿ ನಾವು ಬರೆದಿರೋದು ಇದನ್ನೇ. ಬೆಳೆದವರ ಕೈಯಿಂದ ನೇರ ಅಡುಗೆಮನೆಗೆ. ದಾಸಪ್ಪ, ಬೇಗ ಒಂದು ಫೋಟೋ ತೆಗೀರಿ!"

ದಾಸಪ್ಪ ಜೀಪಿನ ಬಾನೆಟ್ ಹತ್ತಿದ. ಚನ್ನಪಟ್ಟಣದ ಮಾರ್ಕೆಟ್ಟಿಗೆ ಹೋಗದೆ, ದಲ್ಲಾಳಿಯ ಮುಖ ನೋಡದೆ ಸೊಪ್ಪು ಖರ್ಚಾಗುತ್ತಿರುವುದನ್ನು ಕಂಡು ಮುನಿಕೃಷ್ಣನಿಗೂ ಒಂದು ಗಳಿಗೆ ಖುಷಿಯಾಯಿತು. ಖುಷಿಯಾಯಿತಲ್ಲ ಎಂದು ಮತ್ತಷ್ಟು ಸಿಟ್ಟು ಬಂತು. ನಗಬೇಕೋ, ಗೋಡೆಗೆ ತಲೆ ಚಚ್ಚಿಕೊಳ್ಳಬೇಕೋ ತಿಳಿಯದೆ ನಿಂತ.

ಕೊನೆಯ ಹಗ್ಗವೂ ಮೇಲಕ್ಕೆ ಹೋಯಿತು. ಮಹಡಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಆಮೇಲೆ ಗೋಡೆಯ ಬುಡದಿಂದ ಅವ್ವನ ದನಿ ಕೇಳಿಸಿತು, ಈ ಸಲ ಗದರಿಕೆ ಇಲ್ಲದೆ.

"ಲೇ ಮುನೀ... ಸೊಪ್ಪೆಲ್ಲ ಆಚೆಗೋಯ್ತು. ನಾನು ಎಲ್ಲಿಂದ ಬರ್ಲಿ ಮಗಾ?"