ಇಸ್ತ್ರಿ ಗಾಡಿಯ ಕಲ್ಲು

ಗೋವಿಂದಮ್ಮನ ಇಸ್ತ್ರಿ ಗಾಡಿಯನ್ನು ಹೊಂಗೆ ಮರದ ಕೆಳಗಿಂದ ಎತ್ತಿಸಬೇಕೆಂದು ಎದುರುಮನೆಯ ಪ್ರಸನ್ನ ಪಾಲಿಕೆಗೆ ದೂರು ಕೊಟ್ಟ. ಅವನ ದೊಡ್ಡ ಕಾರಿಗೆ ಆ ನೆರಳು ಬೇಕಿತ್ತು. ದೂರು ಕೊಡಲು ಹೋದ ದಿನ ಅವನು ತೊಟ್ಟಿದ್ದ ಶರಟಿಗೆ ಇಸ್ತ್ರಿ ಹಾಕಿದ್ದು ಗೋವಿಂದಮ್ಮನೇ.

ಇದೊಂದೂ ತಿಳಿಯದ ಅವಳು ಶನಿವಾರ ಬೆಳಿಗ್ಗೆ ಇದ್ದಿಲು ಊದುತ್ತಿದ್ದಾಗ ಪ್ರಸನ್ನನೇ ಹತ್ತಿರ ಬಂದ. ಕಾರಿನ ಹಿಂದಿನ ಬ್ರೇಕ್ ಪ್ಯಾಡ್ ಸವೆದಿತ್ತು. ಮೆಕ್ಯಾನಿಕ್‌ಗಳೆಲ್ಲ ಕಳ್ಳರು, ವಿಡಿಯೋ ನೋಡಿಕೊಂಡು ನಾನೇ ಹಾಕುತ್ತೇನೆ ಎಂದು ಹೆಂಡತಿಯ ಮುಂದೆ ಹೇಳಿ ಬಂದಿದ್ದ. ಹ್ಯಾಂಡ್‌ಬ್ರೇಕ್ ಬಿಡಿಸಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಚಕ್ರಕ್ಕೆ ಅಡ್ಡ ಕಲ್ಲು ಕೊಡಿ ಎಂದಿದ್ದ ವಿಡಿಯೋದವನು. ಬನಶಂಕರಿಯ ಆ ಬೀದಿಯೋ ಇಳಿಜಾರು. ಕೈಜಾರಿದ ನಿಂಬೆಹಣ್ಣು ಮೇನ್ ರೋಡಿಗೆ ಹೋಗಿ ನಿಲ್ಲುತ್ತಿತ್ತು. ಆದರೆ ಕಲ್ಲೆಲ್ಲಿ? ಫುಟ್‌ಪಾತಿಗೆಲ್ಲ ಟೈಲ್ಸ್ ಹಾಕಿಸಿ ಬೀದಿಯನ್ನು ಚೊಕ್ಕಟ ಮಾಡಿಸಿದ ಮೇಲೆ, ಅಲ್ಲಿ ಬಿಡಿ ಕಲ್ಲೆಂದು ಉಳಿದದ್ದು ಇಸ್ತ್ರಿ ಗಾಡಿಯ ನಾಲ್ಕು ಚಕ್ರದ ಕೆಳಗೆ ಮಾತ್ರ.

“ಆಂಟಿ, ಎರಡು ಕಲ್ಲು ಕೊಡಿ. ಅರ್ಧ ಗಂಟೆ ಅಷ್ಟೇ.”

ಕೊಟ್ಟಳು. ಕಾರಿನ ಮುಂದಿನ ಚಕ್ರಗಳಿಗೆ ತಾನೇ ಒದ್ದು ಕೂರಿಸಿಯೂ ಕೊಟ್ಟಳು. ಪ್ರಸನ್ನ ಹ್ಯಾಂಡ್‌ಬ್ರೇಕ್, ಗೇರು ಎರಡನ್ನೂ ಬಿಡಿಸಿ, ಜಾಕ್ ಹಾಕಿ, ಹಿಂದಿನ ಒಂದು ಚಕ್ರ ಬಿಚ್ಚಿ, ಹಳೇ ಪ್ಯಾಡ್ ಕಿತ್ತ. ಹೊಸದು ಒಳಗೆ ಕೂರಲೊಲ್ಲದು. ಓರೆಯಾಗಿ ನಿಂತ ಕಾರಿನಲ್ಲಿ ತಾನೂ ಓರೆಯಾಗಿ ಕೂತು, ಅದರ ದೊಡ್ಡ ಪರದೆಯಲ್ಲೇ ವಿಡಿಯೋ ಹಾಕಿಕೊಂಡು, ಫ್ಯಾನ್ ಜೋರು ಮಾಡಿಕೊಂಡು ಮತ್ತೆ ಮೊದಲಿಂದ ನೋಡಿದ. ನೋಡುತ್ತ ನೋಡುತ್ತ ಪರದೆ ಕಪ್ಪಾಯಿತು. ಬ್ಯಾಟರಿ ಕೂತುಹೋಗಿತ್ತು.

ಆ ಹೊತ್ತಿಗೆ ಪಾಲಿಕೆಯ ಲಾರಿ ಬಂತು. ಬೀದಿಬದಿಯ ಗಾಡಿಗಳನ್ನು ಎತ್ತಿಸುವ ಹನಮಂತ ಇಳಿದ, ಅವನ ಹಿಂದೆ ಇಬ್ಬರು ಆಳುಗಳು. ಲಾರಿಯೊಳಗೆ ಆಗಲೇ ಒಂದು ಎಳನೀರಿನ ಗಾಡಿ ಚಕ್ರ ಮೇಲೆ ಮಾಡಿಕೊಂಡು ಮಲಗಿತ್ತು.

“ಯವ್ವಾ, ಗಾಡಿ ಎತ್ತಬೇಕಾಗೇತಿ. ಕಂಪ್ಲೇಂಟ್ ಐತಿ.”

“ಯಾರಪ್ಪಾ ಕೊಟ್ಟಿದ್ದು?”

ಇದೇ ಎದುರುಮನೆ ಪ್ರಸನ್ನ ಸಾಹೇಬರು ಎಂದ ಹನಮಂತ. ದಿನಾ ಫೋನ್ ಮಾಡಿ ತಲೆ ತಿನ್ನುತ್ತಾರೆ ಎಂದೂ ಸೇರಿಸಿದ.

ಗೋವಿಂದಮ್ಮ ಕಾರಿನ ಕಡೆ ತಿರುಗಿದಳು. ಅದರಿಂದ ಇಳಿದಿದ್ದ ಪ್ರಸನ್ನ, ಬಿಚ್ಚಿಟ್ಟ ಚಕ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಅವಳು ಬೈಯಲಿಲ್ಲ. ಈ ಮರದಡಿ ನಿಂತೇ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದವಳು. ಬೈಗುಳಕ್ಕಿಂತ ಮೊದಲು ನಾಳೆ ಎಲ್ಲಿ ನಿಲ್ಲುವುದೆಂಬ ಯೋಚನೆ ಬಂತು. ಎಲ್ಲಿ ನಿಂತರೂ ಚಕ್ರಕ್ಕೆ ಕಲ್ಲು ಬೇಕು. ಸೆರಗು ಸಿಕ್ಕಿಸಿ, ಕಾರಿನ ಮುಂದೆ ಬಗ್ಗಿ, ಒಂದು ಕಲ್ಲಿಗೆ ಕೈ ಹಾಕಿದಳು. ಕಾರು ಒಂದು ಬೆರಳಷ್ಟು ಜರುಗಿತು.

“ಆಂಟಿ, ಅದನ್ನ ಮುಟ್ಬೇಡಿ.” ಪ್ರಸನ್ನ ಓಡಿಬಂದ.

“ನಮ್ ಕಲ್ಲು ಸಾರ್. ನೀವು ಹ್ಯಾಂಡ್‌ಬ್ರೇಕ್ ಹಾಕ್ಕೊಳ್ಳಿ.”

“ಅದು ಎಲೆಕ್ಟ್ರಾನಿಕ್ಕು. ಗುಂಡಿ ಒತ್ತಿದ್ರೆ ಕಂಪ್ಯೂಟರ್ ಹಾಕುತ್ತೆ.”

“ಒತ್ತಿ ಮತ್ತೆ.”

“ಕಂಪ್ಯೂಟರ್‌ಗೆ ಕರೆಂಟಿಲ್ಲ.”

ಗೇರಿಗೂ ಅದೇ ಕಂಪ್ಯೂಟರು. ಒಳಗೆ ಕೂತು ಕಾಲಲ್ಲಿ ಬ್ರೇಕ್ ಒತ್ತಿಹಿಡಿಯಬಾರದೇ ಎಂದು ಹನಮಂತ ಕೇಳಿದ. ಪ್ಯಾಡ್ ಇಲ್ಲದೆ ಒತ್ತಿದರೆ ಬ್ರೇಕಿನ ಒಳಗಿರುವುದೆಲ್ಲ ಹೊರಗೆ ಬರುತ್ತದೆಂದು ವಿಡಿಯೋದವನು ಎಚ್ಚರಿಸಿದ್ದ.

ಹನಮಂತ ತಲೆ ಕೆರೆದುಕೊಂಡು ತೀರ್ಪು ಕೊಟ್ಟ: ಕಲ್ಲು ಇಲ್ಲೇ ಇರಲಿ, ಗಾಡಿ ಲಾರಿಗೆ ಹೋಗಲಿ. ಪ್ರಸನ್ನನ ಮುಖ ಅರಳಿತು. “ಹೂಂ ಆಂಟಿ, ಕಲ್ಲು ಸಂಜೆ ನಾನೇ ತಲುಪಿಸ್ತೀನಿ.”

ಗೋವಿಂದಮ್ಮ ಕಲ್ಲಿನ ಮೇಲಿಟ್ಟ ಕೈ ತೆಗೆಯದೆ ಅಲ್ಲೇ ಕುಕ್ಕರುಗಾಲಲ್ಲಿ ಕೂತಳು. “ಗಾಡಿ ಇದ್ರೆ ಕಲ್ಲಿರುತ್ತೆ ಸಾರ್. ಗಾಡಿ ಹೋದ್ರೆ ಕಲ್ಲೂ ಹೋಗುತ್ತೆ. ಅದೆರಡನ್ನ ನಾನು ಬೇರೆ ಮಾಡಲ್ಲ.”

ಆಳುಗಳು ಗಾಡಿಯ ಮೂಲೆ ಹಿಡಿದರು. ಇತ್ತ ಅವಳ ಕೈ ಕಲ್ಲನ್ನು ಸ್ವಲ್ಪ ಅಲುಗಿಸಿತು. ಪ್ರಸನ್ನ ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ನೋಡಿದವನು, ಓಡಿಹೋಗಿ ಇಸ್ತ್ರಿ ಗಾಡಿಯ ಮೇಲೆ ಎರಡೂ ತೋಳು ಚಾಚಿ ಬಿದ್ದ. ಬಡವರ ಹೊಟ್ಟೆಯ ಮೇಲೆ ಹೊಡೆಯುತ್ತೀರಾ, ಬೀದಿ ಏನು ನಿಮ್ಮಪ್ಪಂದಾ ಎಂದೆಲ್ಲ ಕೇಳಿದ. ಆಳುಗಳು ಕೈಬಿಟ್ಟು ಹನಮಂತನ ಮುಖ ನೋಡಿದರು.

“ಕಂಪ್ಲೇಂಟ್ ಕೊಟ್ಟಾವ್ರು ನೀವ ಅಲ್ರೀ ಸಾಹೇಬ್ರ?”

ಪ್ರಸನ್ನ ಗಾಡಿಯನ್ನು ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡ. ಅವನ ಗ್ರೀಸ್ ಮೆತ್ತಿದ ಹತ್ತೂ ಬೆರಳು, ಆಗಷ್ಟೇ ಮಡಿಸಿಟ್ಟಿದ್ದ ಬಿಳಿ ಬಟ್ಟೆಗಳ ಮೇಲೆ ಒತ್ತಿ ಕೂತಿದ್ದವು.

ಗೋವಿಂದಮ್ಮ ಕೂತಲ್ಲಿಂದಲೇ ಹೇಳಿದಳು: “ಕೈ ತೆಗೀರಿ ಸಾರ್. ಅವು ನಿಮ್ದೇ ಶರಟು.”

“ತೆಗ್ಯಲ್ಲ,” ಎಂದ ಪ್ರಸನ್ನ.