ಅಕ್ಕ ಹೊಲಿಯುತ್ತಿದ್ದ ಮರಕುಟಿಗ

ಕಸೂತಿಯ ಮರದ ರಿಂಗು ಕಂಡರೆ ಈಗಲೂ ನನ್ನ ಎದೆ ಧಸಕ್ಕೆನ್ನುತ್ತದೆ.

ಕಾರ್ತಿಕದ ಒಂದು ಮಧ್ಯಾಹ್ನ. ರಜೆಗೆ ಬಂದಿದ್ದ ದೊಡ್ಡಪ್ಪನ ಮಗಳು ಸುಮಕ್ಕ ಮನೆ ಮುಂದಿನ ತೆಂಗಿನಮರದ ಬುಡದಲ್ಲಿ ಕೂತು, ಆಚೆ ಮರದ ಮರಕುಟಿಗವನ್ನು ನೋಡಿ ನೋಡಿ ಮರದ ರಿಂಗಿಗೆ ಬಿಗಿದ ದಿಂಬಿನ ಬಟ್ಟೆಯ ಮೇಲೆ ಅದರ ಕೆಂಪು ಜುಟ್ಟು ಹೊಲಿಯುತ್ತಿದ್ದಳು. ನಾನು ಅನ್ನ ಹಾಕಿ ಸಾಕಿದ ನಾಯಿ ಕರಿಯ ಅವಳ ತೊಡೆಗೆ ತಲೆಯಿಟ್ಟು ಮಲಗಿತ್ತು.

"ಅವಳು ಹೊಲ್ದಿರೋ ಹಕ್ಕಿ ಈಗ ಹಾರೋಗಂಗೈತೆ! ನೀನೂ ಕಲಿಯೇ, ಬರೀ ದಾರ ಗಂಟಾಕ್ತೀಯ," ಎಂದರು ಜಗಲಿಯಲ್ಲಿ ನನ್ನ ಪಕ್ಕ ಕೂತಿದ್ದ ಅಜ್ಜಿ.

ನನಗೆ ತಡೆಯಲಾಗಲಿಲ್ಲ. ರಾಗಿರೊಟ್ಟಿಯ ಚೂರು ತೋರಿಸಿ, "ಕರಿಯಾ, ಬಾರೋ," ಎಂದು ಕೂಗಿದೆ. ಕರಿಯ ನೆಗೆದು ಬಂತು. ಅದರ ಕಾಲಿಗೆ ಸಿಕ್ಕಿಕೊಂಡು ಕಸೂತಿಯ ಬಟ್ಟೆಯೂ ಬಂತು. "ಥೂ ಮುಂಡೇದೆ, ನನ್ ಬಟ್ಟೆ!" ಎನ್ನುತ್ತ ಅಕ್ಕ ಹಿಂದೆಯೇ ಓಡಿ ಬಂದಳು. ಅವಳು ಜಗಲಿ ಮುಟ್ಟುವ ಮೊದಲೇ, ಅವಳು ಕೂತಿದ್ದ ಜಾಗದಲ್ಲಿ ಒಣಗಿದ ಕಾಯಿಗೊನೆಯೊಂದು ದೊಪ್ಪೆಂದು ಬಿತ್ತು.

ಅಜ್ಜಿ ಅಕ್ಕನನ್ನು ತಬ್ಬಿಕೊಂಡರು. "ತೆಂಗಿನಮರಕ್ಕೆ ಕಣ್ಣೈತೆ ಕಣೇ. ನೀನು ಎದ್ದೋಗ್ಲಿ ಅಂತ ಕಾಯ್ತಿತ್ತು."

"ಕರಿಯನ್ನ ಕರೆದೋಳು ನಾನು, ಅಜ್ಜಿ," ಎಂದೆ.

"ನೀನು ಸುಮ್ನಿರೇ."

ರೊಟ್ಟಿ ತಿಂದು ಮುಗಿಸಿದ ಕರಿಯ ಮತ್ತೆ ಅಕ್ಕನ ಕಾಲ ಬಳಿಯೇ ಹೋಗಿ ಮಲಗಿತು.