ಮೇಷ್ಟ್ರ ಕೈಗುಣ

ಸೋಸಿದ ದ್ರಾವಣಕ್ಕೆ ಈ ಸಲವೂ ಕಿತ್ತಳೆ ಬಣ್ಣ ಬಂದಿತ್ತು. ಅವಳು ಗಾಜಿನ ಪಾತ್ರೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು, ತಿರುಗಿಸಿದಳು, ಕೆಳಗಿಟ್ಟಳು. ಯಾರೋ ಕೈಯಾಡಿಸಿದ್ದಾರೆ. ಇಲ್ಲವೇ ತನ್ನ ಮಣಿಗಳೇ ಕೈಕೊಟ್ಟಿವೆ. ಎರಡನೆಯದು ನಿಜವಾದರೆ ಎಲ್ಲ ಮುಗಿದಂತೆ.

ಆ ಔಷಧ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಅವಳು ತಯಾರಿಸುತ್ತಿದ್ದುದು ಕೈನಡುಕಕ್ಕೆ ಕೊಡುವ ಮದ್ದು. ಅದರ ಅಣುವಿಗೆ ಎರಡು ರೂಪ, ಬಲಗೈ ಎಡಗೈ ಇದ್ದಂತೆ. ಬಲಗೈ ರೂಪ ನಡುಕ ನಿಲ್ಲಿಸುತ್ತದೆ. ಎಡಗೈ ರೂಪ ಹೊಟ್ಟೆ ತೊಳಸುತ್ತದೆ, ಅಷ್ಟೇ. ಹೈಡ್ರೋಜನ್ ಸೇರಿಸುವಾಗ ಬಲಗೈ ರೂಪವನ್ನೇ ಹುಟ್ಟಿಸುವ ಕಿತ್ತಳೆ ಬಣ್ಣದ ವೇಗವರ್ಧಕವೊಂದಿದೆ. ಆದರೆ ಅದರಲ್ಲಿರುವ ಲೋಹ ಚಿನ್ನಕ್ಕಿಂತ ತುಟ್ಟಿ, ದ್ರಾವಣದಲ್ಲಿ ಒಮ್ಮೆ ಕರಗಿದರೆ ಹೋದಂತೆಯೇ. ಅವಳು ಆ ವೇಗವರ್ಧಕವನ್ನು ಸಾಸಿವೆಯಷ್ಟು ಸಣ್ಣ ಮಣಿಗಳಿಗೆ ಕಟ್ಟಿಹಾಕಿದ್ದಳು. ಕೆಲಸ ಮುಗಿದ ಮೇಲೆ ಸೋಸು, ತೊಳೆ, ಮತ್ತೆ ಹಾಕು. ಮಣಿ ಬಾಳಿಕೆ ಬಂದರೆ ಮಾತ್ರೆ ಅಗ್ಗವಾಗುತ್ತದೆ.

ಅಗ್ಗವಾಗಲೇಬೇಕಿತ್ತು. ಅವಳ ತಮ್ಮ ಗಡಿಯಾರ ರಿಪೇರಿ ಮಾಡುವವನು. ಒಂದು ಮಾತ್ರೆಯನ್ನು ಬ್ಲೇಡಿನಿಂದ ಎರಡು ತುಂಡು ಮಾಡಿ, ಎರಡು ದಿನ ತಳ್ಳುತ್ತಿದ್ದ. ಈಚೆಗೆ ಬ್ಲೇಡು ಹಿಡಿಯುವುದೇ ಕಷ್ಟವಾಗಿತ್ತು. "ಬೇಗ ಮಾಡಕ್ಕಾ," ಎಂದಿದ್ದ, ನಗುತ್ತಲೇ. "ಇಲ್ಲಾಂದ್ರೆ ಈ ಕೈಗೆ ಗಂಟೆ ಬಾರಿಸೋ ಕೆಲಸ ಹುಡುಕ್ಬೇಕಾಗುತ್ತೆ."

ಮೊದಲೆರಡು ಸಲ ಎಲ್ಲ ಚೊಕ್ಕವಾಗಿತ್ತು. ಮೂರನೇ ಸಲದಿಂದ ಮದ್ದಿನಲ್ಲಿ ಲೋಹ ಕಾಣತೊಡಗಿತು. ಲೋಹ ಬೆರೆತ ಮದ್ದನ್ನು ಯಾರ ಹೊಟ್ಟೆಗೂ ಹಾಕುವಂತಿಲ್ಲ. ನಡುವೆ ಐದನೇ ಸಲ ಮಾತ್ರ ಮದ್ದು ಎಂದಿನಷ್ಟೇ ಬಂತು, ಲೋಹದ ಸುಳಿವೇ ಇರಲಿಲ್ಲ. ಅಳೆಯುವ ಯಂತ್ರಕ್ಕೆ ತಲೆ ಕೆಟ್ಟಿದೆ ಎಂದು ಮ್ಯಾನೇಜರು ಆ ಫಲಿತಾಂಶವನ್ನು ಹೊಡೆದುಹಾಕಿದರು. ಆರನೇ ಸಲ ಲೋಹ ಮತ್ತೆ ಹಾಜರಾದಾಗ ಅವಳೂ ಅದನ್ನೇ ನಂಬಿದಳು.

ಅವಳ ಅನುಮಾನ ಪಕ್ಕದ ವಿಭಾಗದ ಮುಖ್ಯಸ್ಥನ ಮೇಲೆ. ಬೆನ್ನ ಹಿಂದೆ ಎಲ್ಲರೂ ಅವನನ್ನು ಹಲ್ಲುಗಿಂಜಪ್ಪ ಎನ್ನುತ್ತಿದ್ದರು. ಅವಳ ಕೋಣೆಯ ಮೇಲೆ ಅವನಿಗೆ ಕಣ್ಣು. ಟೇಪು ತಂದು ಗೋಡೆ ಅಳೆದುಕೊಂಡೂ ಹೋಗಿದ್ದ. ಹಾಗಾಗಿ ಮ್ಯಾನೇಜರು ಕೊಟ್ಟ ಈ ಕೊನೆಯ ಅವಕಾಶದಲ್ಲಿ ಅವಳು ಮೈಯೆಲ್ಲ ಕಣ್ಣಾಗಿದ್ದಳು. ಉಕ್ಕಿನ ಪಾತ್ರೆಗೆ ಮಣಿ, ಕಚ್ಚಾವಸ್ತು ಎಲ್ಲವನ್ನೂ ತಾನೇ ತುಂಬಿದ್ದಳು.

ಮುಚ್ಚಳ ಹಾಕಿದ್ದು ಮಾತ್ರ ಮೇಷ್ಟ್ರು. ಅದು ಅಲ್ಲಿನ ಪದ್ಧತಿ. ಅವಳಿಗೆ ಕೆಲಸ ಕಲಿಸಿದವರು ಅವರು, ನಿವೃತ್ತರಾದ ಮೇಲೂ ಸಲಹೆಗಾರರೆಂದು ಬರುತ್ತಿದ್ದರು. ಅವರ ಕೈಗುಣ ಒಳ್ಳೆಯದೆಂದು ಎಲ್ಲರ ನಂಬಿಕೆ. ಒಮ್ಮೆ ಅವರು ಬರದಿದ್ದಾಗ ಅವಳೇ ಮುಚ್ಚಳ ಹಾಕಿ, ಇಡೀ ದಿನ ಕಳವಳಪಟ್ಟಿದ್ದಳು. ಇದೇ ಕೋಣೆಯಲ್ಲಿ ಒಂದು ಕಾಲಕ್ಕೆ ಮೇಷ್ಟ್ರೂ ಮಣಿ ಮಾಡಿದ್ದರು. ಅವು ಮೂರನೇ ಸಲಕ್ಕೇ ಸತ್ತವು. ಆ ಮಾತನ್ನು ಅವರೆದುರು ಯಾರೂ ಎತ್ತುತ್ತಿರಲಿಲ್ಲ.

ಈ ಸಲವೂ ಮೇಷ್ಟ್ರು ಒಂದು ಕೈಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಪಾತ್ರೆಯೊಳಗೆ ಇಣುಕಿದ್ದರು. "ಹೆದರ್ಬೇಡ ಮಗಳೇ, ನಾನಿದೀನಿ," ಎಂದಿದ್ದರು. ಅವಳು ಹೈಡ್ರೋಜನ್ ಕೊಳವೆ ಬಿಗಿಯಲು ಅತ್ತ ತಿರುಗಿದಳು, ಮುಚ್ಚಳ ಕೂತಿತು. ಅದರ ಮೇಲೆ ತನ್ನದೇ ಬೀಗ ಜಡಿದು, ಕೀಲಿಯನ್ನು ಕೊರಳಿಗೆ ಹಾಕಿಕೊಂಡು, ಪಕ್ಕದಲ್ಲೇ ಸ್ಟೂಲು ಎಳೆದುಕೊಂಡು ಕಾವಲು ಕೂತಳು. ಹಲ್ಲುಗಿಂಜಪ್ಪ ಬಾಗಿಲಲ್ಲಿ ಸುಳಿದ, ಒಳಗೆ ಕಾಲಿಡಲಿಲ್ಲ.

ಆದರೂ ದ್ರಾವಣ ಕಿತ್ತಳೆ.

ಇನ್ನೊಂದು ಪರೀಕ್ಷೆ ಬಾಕಿಯಿತ್ತು. ಮಣಿಗಳನ್ನು ತೆಗೆದಿಟ್ಟು, ಬರೀ ದ್ರಾವಣಕ್ಕೆ ಹೊಸ ಕಚ್ಚಾವಸ್ತು ಹಾಕಿ ಹೈಡ್ರೋಜನ್ ಬಿಟ್ಟಳು. ಮಣಿಯಿಲ್ಲದೆಯೂ ದ್ರಾವಣ ಮದ್ದು ತಯಾರಿಸಿತು. ಅಂದರೆ ವೇಗವರ್ಧಕ ದ್ರಾವಣದೊಳಕ್ಕೆ ಇಳಿದಿದೆ.

"ಮಣಿ ಸೋರ್ತಿದೆ ಅಂತ ನಿಮ್ಮ ಪರೀಕ್ಷೇನೇ ಹೇಳ್ತಿದೆಯಲ್ಲಮ್ಮ," ಎಂದರು ಮ್ಯಾನೇಜರು.

"ಇನ್ನೊಂದೇ ಒಂದು ಸಲ, ಸರ್. ಮಣಿ ಬಣ್ಣ ಸ್ವಲ್ಪಾನೂ ಮಾಸಿಲ್ಲ. ಲೋಹ ಸೋರಿದ್ರೆ ಅವು ಬಿಳಿಚಿಕೊಳ್ಬೇಕಿತ್ತು."

"ಬಣ್ಣ ನೋಡಿ ಮದ್ದು ಮಾರೋಕಾಗುತ್ತಾ?"

ಕಾಲು ಹಿಡಿಯುವುದಕ್ಕೂ ಅವಳು ತಯಾರಿದ್ದಳು. ಅಷ್ಟರಲ್ಲಿ ಅವರು ಎದ್ದು ಹೋದರು. ಮಣಿಗಳನ್ನು ಸುಟ್ಟು ಲೋಹ ತೆಗೆಯಬೇಕು, ಕೋಣೆ ಖಾಲಿ ಮಾಡಬೇಕು, ಈ ಕೆಲಸವನ್ನು ಇನ್ನು ಯಾರೂ ಮುಟ್ಟಕೂಡದು ಎಂದು ಅಪ್ಪಣೆಯಾಯಿತು. ಅವಳೇ ಡಬ್ಬಿಯನ್ನು ಎದೆಗವಚಿಕೊಂಡು ಅಂಗಳ ದಾಟಿ, ಕುಲುಮೆಯವನ ಕೈಗೆ ಕೊಟ್ಟು ಬಂದಳು.

ಮರಳಿದಾಗ ಖಾಲಿ ಮೇಜಿನ ಮುಂದೆ ಮೇಷ್ಟ್ರು ಕೂತಿದ್ದರು. ಅವಳಿಗೆ ತಡೆಯಲಾಗಲಿಲ್ಲ, ಬಿಕ್ಕಿ ಬಿಕ್ಕಿ ಅತ್ತಳು.

"ತಮ್ಮನಿಗೆ ಏನಂತ ಹೇಳ್ಲಿ, ಮೇಷ್ಟ್ರೇ?"

"ನಿನ್ನ ತಪ್ಪಿಲ್ಲಮ್ಮ. ಮಣಿಗಳ ಹಣೆಬರಹಾನೇ ಅಷ್ಟು, ಮೂರನೇ ಸಲಕ್ಕೆ ಸಾಯ್ತವೆ. ನಂಗೆ ಮೊದಲೇ ಗೊತ್ತಿತ್ತು." ಮೇಷ್ಟ್ರು ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಮಡಿಕೆಯಲ್ಲಿ ಕಿತ್ತಳೆ ಬಣ್ಣದ ಪುಡಿ ಅಂಟಿತ್ತು. "ನನ್ನ ಗತಿ ನಿಂಗೆ ಬರಬಾರ್ದು ಅಂತ, ಮೂರನೇ ಸಲದಿಂದ ಮುಚ್ಚಳ ಹಾಕೋವಾಗೆಲ್ಲ ಹೊಸ ವೇಗವರ್ಧಕ ಒಂದೊಂದು ಚಿಟಿಕೆ ಹಾಕ್ತಾ ಬಂದೆ. ಲೋಹ ಹೇಗೂ ಸೋರುತ್ತೆ, ಇಳುವರಿಯಾದ್ರೂ ಬೀಳದಿರ್ಲಿ ಅಂತ. ಅಷ್ಟು ಮಾಡಿದ್ರೂ ಉಳಿಸ್ಕೊಳ್ಳೋಕಾಗ್ಲಿಲ್ಲ."

ಅವಳ ಅಳು ನಿಂತಿತು. ಅಂಗಳದಾಚೆ ಕುಲುಮೆ ಹೊತ್ತಿಕೊಂಡ ಸದ್ದು ಕೇಳಿಸಿತು.

"ಐದನೇ ಸಲ ಮಾತ್ರ ಜ್ವರ ಬಂದು ಮಲಗಿದ್ನಲ್ಲ, ಹಾಕೋಕಾಗ್ಲಿಲ್ಲ," ಎಂದರು ಮೇಷ್ಟ್ರು, ಕಣ್ಣೊರೆಸಿಕೊಳ್ಳುತ್ತ. "ಆವತ್ತು ಹೇಗೆ ಪಾರಾದ್ವೋ, ದೇವರೇ ಬಲ್ಲ."